ಅಷ್ಟೇನಾ?

ಪ್ರಾಗ್‌ಗೆ ಬಂದು ನಾಲ್ಕು ವರ್ಷ ಆಯ್ತು, ಚೆಕ್ ಭಾಷೆ ಇನ್ನೂ ಅಂಗಡೀಲಿ ಹಾಲು ಮೊಸರು ಕೇಳೋಷ್ಟೇ ಬರೋದು, ಆದ್ರೂ ಒಂದು ವಿಷಯದಲ್ಲಿ ನಾನು ಪಂಡಿತ. ಹಳೇ ಪೇಟೆ ಚೌಕದ ದೊಡ್ಡ ಗಡಿಯಾರದ ಮುಂದೆ ನಿಂತಿರೋ ಜನ, ಆಟ ಮುಗಿದ ತಕ್ಷಣ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಅವರವರ ಭಾಷೇಲಿ ಒಂದೇ ಒಂದು ಮಾತು ಅಂತಾರೆ. ಜಪಾನಿ ಇರ್ಲಿ, ಸ್ಪ್ಯಾನಿಷ್ ಇರ್ಲಿ, ತೆಲುಗು ಇರ್ಲಿ, ನನಗೆ ಥಟ್ ಅಂತ ಅರ್ಥ ಆಗುತ್ತೆ.

"ಅಷ್ಟೇನಾ?"

ಅವರದ್ದೂ ತಪ್ಪಿಲ್ಲ ಬಿಡಿ. 1410ರಲ್ಲಿ ಕೂರಿಸಿದ ಗಡಿಯಾರ, ಜಗತ್ತಲ್ಲಿ ಇಂಥ ಖಗೋಳ ಗಡಿಯಾರಗಳ ಪೈಕಿ ಇವತ್ತಿಗೂ ಓಡ್ತಿರೋದ್ರಲ್ಲಿ ಇದೇ ಅತಿ ಹಳೇದು ಅಂತ ಓದ್ಕೊಂಡು ಬಂದಿರ್ತಾರೆ. ಅರ್ಧ ಗಂಟೆ ಮುಂಚೆನೇ ಬಂದು ಜಾಗ ಹಿಡಿದು, ಕತ್ತು ನೋಯಿಸ್ಕೊಂಡು, ಫೋನ್ ಎತ್ತಿ ನಿಂತಿರ್ತಾರೆ. ಗಂಟೆ ಆಗುತ್ತೆ. ಪಕ್ಕದಲ್ಲಿರೋ ಅಸ್ಥಿಪಂಜರ ಹಗ್ಗ ಎಳೆದು ಪುಟ್ಟ ಗಂಟೆ ಬಾರಿಸುತ್ತೆ, ಮೇಲೆ ಎರಡು ಕಿಟಕಿ ತೆಗೆದುಕೊಳ್ಳುತ್ತೆ, ಯೇಸುವಿನ ಹನ್ನೆರಡು ಜನ ಶಿಷ್ಯರ ಬೊಂಬೆಗಳು ರೇಷನ್ ಅಂಗಡಿ ಕ್ಯೂ ಥರ ಒಬ್ಬರ ಹಿಂದೆ ಒಬ್ಬರು ಇಣುಕಿ ಹೋಗ್ತಾರೆ, ಕಿಟಕಿ ಮುಚ್ಚುತ್ತೆ, ಅದರ ಮೇಲಿನ ಚಿನ್ನದ ಹುಂಜ ಕೂಗುತ್ತೆ. ಹುಂಜ ಅಂದ್ರೆ ಗಂಟಲು ಕಟ್ಟಿದ ಹುಂಜ, ತಿದಿ ಒತ್ತಿ ಗಾಳಿ ಬಿಟ್ಟು ಕೂಗಿಸೋದು ಅದನ್ನ. ಎಲ್ಲಾ ಸೇರಿ ಒಂದು ನಿಮಿಷ ಆದ್ರೆ ಹೆಚ್ಚು.

ಇದನ್ನ ನಾನು ಮೂವತ್ತು ಸಲಕ್ಕಿಂತ ಜಾಸ್ತಿ ನೋಡಿದ್ದೀನಿ. ಆಸೆಯಿಂದ ಅಲ್ಲ. ಯುರೋಪಿನ ರಾಜಧಾನೀಲಿ ಮನೆ ಮಾಡಿದ್ರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮನೆ ಅನ್ನೋದು ಮನೆ ಆಗಿರಲ್ಲ, ಛತ್ರ ಆಗಿರುತ್ತೆ. ಊರಲ್ಲಿದ್ದಾಗ ಮದುವೆಗೆ ಕರೆಯೋಕೂ ಮರೆತಿದ್ದೋರು ಕೂಡ "ಪ್ಯಾರಿಸ್ಸಿಗೆ ಬರ್ತಿದ್ದೀವಿ ಕಣೋ, ಹಾಗೇ ಒಂದೆರಡು ದಿನ ನಿಮ್ಮನೆಗೆ" ಅಂತ ಫೋನ್ ಮಾಡ್ತಾರೆ, ಪ್ಯಾರಿಸ್ಸೇನೋ ಇಲ್ಲೇ ಕೆಂಗೇರಿ ಆಚೆ ಇರೋ ಹಾಗೆ. ಬರ್ಲಿ, ಸಂತೋಷನೇ. ಬರ್ತಾ ಚಟ್ನಿಪುಡಿ ತರ್ತಾರೆ.

ಅಕ್ಕ ಭಾವ ಬಂದಿದ್ದು ಮೊದಲನೇ ವರ್ಷ. ಭಾವ ಎಕ್ಸೆಲ್ ಶೀಟ್ ಮಾಡ್ಕೊಂಡು ಬಂದಿದ್ರು, ಗಂಟೆ ಗಂಟೆಗೂ ಒಂದು ಜಾಗ, ನೋಡಿದ್ದಕ್ಕೆಲ್ಲಾ ಹಸಿರು ಬಣ್ಣ. ಇಪ್ಪತ್ತೆರಡನೇ ನಂಬರ್ ಟ್ರಾಮ್ ಹತ್ತಿ ಕೋಟೆಗೆ ಹೋದ್ವಿ, ಅಲ್ಲಿನ ಸಂತ ವೀಟ್ ಚರ್ಚ್ 1344ರಲ್ಲಿ ಶುರು ಮಾಡಿ 1929ರಲ್ಲಿ ಮುಗಿಸಿದ್ದು ಅಂತ ಹೇಳಿದೆ, ಭಾವ ನಮ್ಮೂರಿನ ಫ್ಲೈಓವರ್‌ನ ಮನಸಲ್ಲೇ ಕ್ಷಮಿಸಿದ ಹಾಗೆ ಕಾಣ್ತು. ಪೆಟ್ರೀನ್ ಗುಡ್ಡದ ಮೇಲೊಂದು ಗೋಪುರ ಇದೆ, ಪ್ಯಾರಿಸ್ಸಿನ ಐಫೆಲ್ ನೋಡಿ ಬಂದೋರು ನಮ್ಮೂರಿಗೂ ಒಂದು ಇರ್ಲಿ ಅಂತ 1891ರಲ್ಲಿ ಕಟ್ಟಿಸಿದ್ದು, ಎತ್ತರ ಅರವತ್ತು ಮೀಟರ್ ಚಿಲ್ಲರೆ. ಎರಡು ದಿನದ ಹಿಂದೆ ಅಸಲಿ ಐಫೆಲ್ ನೋಡಿ ಬಂದಿದ್ದ ಭಾವನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದು ನನ್ನದೇ ಪೆದ್ದುತನ. 299 ಮೆಟ್ಟಿಲು ಹತ್ತಿ, ಏದುಸಿರು ಬಿಟ್ಕೊಂಡು, ಅವರು ಹೇಳಿದ ಮಾತನ್ನ ನಾನೇನು ಬರೀಬೇಕಾಗಿಲ್ಲ.

ನದಿ ಪಕ್ಕ ಒಂದು ಸಂದಿ ಇದೆ, ಅರ್ಧ ಮೀಟರ್ ಅಗಲ, ಎದುರಿಂದ ಯಾರಾದ್ರೂ ಬಂದ್ರೆ ಹಿಂದೆ ಸರೀಬೇಕು ಅಂತ ಸಿಗ್ನಲ್ ಲೈಟ್ ಹಾಕಿದ್ದಾರೆ. ಬಟನ್ ಒತ್ತಿ, ಹಸಿರು ಬರೋವರೆಗೆ ಕಾದು, ಅಡ್ಡಡ್ಡ ನಡ್ಕೊಂಡು ಇಳಿದ್ರೆ ಸಿಗೋದು ಒಂದು ಹೋಟ್ಲು. ಅಲ್ಲಿ ಮೆನುನಲ್ಲಿ ವೆಜ್ ಏನಿದೆ ಅಂದ್ರೆ, ಚೆಕ್ ದೇಶದ ಯಾವ ಮೂಲೆಗೆ ಹೋದ್ರೂ ವೆಜ್ ಅಂದ್ರೆ ಸ್ಮಾಜೆನಿ ಸೀರ್, ಅಂಗೈ ಅಗಲದ ಚೀಸ್ ತುಂಡಿಗೆ ಬ್ರೆಡ್ ಪುಡಿ ಮೆತ್ತಿ ಎಣ್ಣೇಲಿ ಕರಿದಿದ್ದು. ಮೂರು ದಿನ ಆರು ಊಟ ಅದನ್ನೇ ತಿಂದ ಭಾವ ನಾಲ್ಕನೇ ದಿನ ನಮ್ಮನೇಲಿ ಬರೀ ತಿಳಿಸಾರು ಕೇಳಿದ್ರು.

ಅದಾದ ಮೇಲೆ ಕಾರ್ಲೋವಿ ವಾರಿ. ಬಸ್ಸಲ್ಲಿ ಎರಡು ಗಂಟೆ ಮೇಲೆ. ಬಿಸಿನೀರ ಬುಗ್ಗೆಗಳ ಊರು, ಒಂದು ಬುಗ್ಗೆ ಹನ್ನೆರಡು ಮೀಟರ್ ಎತ್ತರಕ್ಕೆ ಚಿಮ್ಮುತ್ತೆ, ಎಪ್ಪತ್ತು ಡಿಗ್ರಿ ಮೇಲಿನ ನೀರು. ಉದ್ದನೆ ಕಂಬಸಾಲುಗಳ ಕೆಳಗೆ ನಲ್ಲಿಗಳು, ಜನ ಪಿಂಗಾಣಿ ಲೋಟ ಹಿಡ್ಕೊಂಡು ಓಡಾಡ್ತಿರ್ತಾರೆ, ಲೋಟದ ಹಿಡಿನೇ ಟೊಳ್ಳು, ಅದರ ತುದಿಗೆ ಬಾಯಿಟ್ಟು ಹೀರೋದು, ನಮ್ಮಲ್ಲಿ ಕೂಸಿಗೆ ಒಳಲೇಲಿ ಹಾಲು ಹಾಕ್ತಾರಲ್ಲ ಹಂಗೆ. ಆ ನೀರಿನ ರುಚಿ ಹೇಗಿರುತ್ತೆ ಅಂದ್ರೆ, ಕಬ್ಬಿಣದ ಬಾಣಲೇಲಿ ಉಪ್ಪು ನೀರು ಕುದಿಸಿ ಸೋಡಾಪುಡಿ ಉದುರಿಸಿದ ಹಾಗೆ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ, ನಿಧಾನಕ್ಕೆ, ನಡೀತಾ ಕುಡೀಬೇಕು. ಭಾವ ಎಕ್ಸೆಲ್ ಶೀಟಲ್ಲಿ ಆರು ಬುಗ್ಗೆ ಬರ್ಕೊಂಡಿದ್ರು, ಲೋಟಕ್ಕೆ ದುಡ್ಡು ಬೇರೆ ಕೊಟ್ಟಾಗಿತ್ತು, ಆರೂ ಬುಗ್ಗೆದು ಲೋಟ ತುಂಬಾ ಕುಡಿದ್ರು. ಆ ನೀರಿಂದ ತೆಗೆಯೋ ಉಪ್ಪನ್ನ ಹಿಂದಿನ ಕಾಲದಲ್ಲಿ ಯುರೋಪಿನೋರು ಹೊಟ್ಟೆ ಕಟ್ಟಿದ್ದಕ್ಕೆ ಔಷಧಿ ಅಂತ ತಗೋತಿದ್ರು ಅನ್ನೋದು ನಮಗೆ ಆಮೇಲೆ ಗೊತ್ತಾಗಿದ್ದು. ವಾಪಸ್ ಬರೋ ಬಸ್ಸಲ್ಲಿ ಭಾವ ಕಿಟಕಿ ಆಚೆ ಒಂದೇ ಸಮ ನೋಡ್ತಾ "ಇನ್ನೆಷ್ಟು ದೂರ" ಅಂತ ಮಾತ್ರ ಕೇಳ್ತಿದ್ರು, ಆ ಒಂದು ಸಾಯಂಕಾಲ ಅವರ ಬಾಯಲ್ಲಿ ಅಷ್ಟೇನಾ ಅನ್ನೋ ಮಾತು ಬರ್ಲಿಲ್ಲ.

ಹೋದ ವರ್ಷ ಆಗಸ್ಟ್ ಮೊದಲನೇ ವಾರ ದೊಡ್ಡಪ್ಪ ದೊಡ್ಡಮ್ಮ ಬಂದ್ರು. ದೊಡ್ಡಪ್ಪ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿ ರಿಟೈರ್ ಆದೋರು, ಕೇರಿಯೋರಿಗೆಲ್ಲಾ ಪಂಚಾಂಗ ನೋಡಿ ದಿನ ಹೇಳ್ತಾರೆ, ದುಡ್ಡು ಮುಟ್ಟಲ್ಲ. ದೊಡ್ಡಮ್ಮ ರೇಷ್ಮೆ ಅಂಚಿನ ಸೀರೆ ಮೇಲೆ ಸ್ಪೋರ್ಟ್ಸ್ ಶೂ ಹಾಕಿ, ಥರ್ಮಾಸಲ್ಲಿ ಕಾಫಿ ಹಿಡ್ಕೊಂಡು ರೆಡಿ.

ಚಾರ್ಲ್ಸ್ ಸೇತುವೆ ಮೇಲೆ ನಾನು ನನ್ನ ಗೈಡ್ ಪಾಠ ಶುರು ಮಾಡಿದೆ. 1357ರಲ್ಲಿ ಅಡಿಪಾಯ, ಎರಡೂ ಕಡೆ ಸೇರಿ ಮೂವತ್ತು ವಿಗ್ರಹ, ಗಾರೆ ಗಟ್ಟಿ ಆಗ್ಲಿ ಅಂತ ಮೊಟ್ಟೆ ಕಲೆಸಿದ್ರು ಅಂತ ಒಂದು ಕಥೆ ಇದೆ, ದೇಶದ ಊರೂರಿಂದ ಗಾಡಿಗಟ್ಟಲೆ ಮೊಟ್ಟೆ ಬಂತಂತೆ, ವೆಲ್ವರಿ ಅನ್ನೋ ಊರಿನೋರು ಮಾತ್ರ ದಾರೀಲಿ ಒಡೆದು ಹೋಗದಿರ್ಲಿ ಅಂತ ಬೇಯಿಸಿ ಕಳಿಸಿದ್ರಂತೆ. ಈ ಜೋಕಿಗೆ ಎಲ್ಲರೂ ನಗ್ತಾರೆ. ದೊಡ್ಡಮ್ಮ ನಗ್ಲಿಲ್ಲ, ನಿಂತಲ್ಲೇ ಕಾಲ ಕೆಳಗೆ ನೋಡ್ಕೊಂಡ್ರು. "ಅಲ್ವೋ, ಇದನ್ನ ಸೇತುವೆ ಹತ್ತೋ ಮುಂಚೆ ಹೇಳೋದಲ್ವಾ?" ದೊಡ್ಡಪ್ಪ ಸಮಾಧಾನ ಮಾಡಿದ್ರು, ನಮ್ಮ ಕಡೆ ಹಳೇ ಕಟ್ಟಡದ ಗಾರೆಗೂ ಬೆಲ್ಲದ ಜೊತೆ ಮೊಟ್ಟೆ ಹಾಕಿ ಅರೀತಿದ್ರು ಅಂತಾರೆ ಕಣೇ, ಅಲ್ಲೆಲ್ಲಾ ಓಡಾಡಿಲ್ವಾ ನೀನು, ಅಂತ. ಸಂತ ನೆಪೋಮುಕ್ ವಿಗ್ರಹದ ಕೆಳಗೆ ಹಿತ್ತಾಳೆ ಬಣ್ಣಕ್ಕೆ ಸವೆದಿರೋ ಫಲಕ ಇದೆ, 1393ರಲ್ಲಿ ಅವನನ್ನ ಈ ಸೇತುವೆಯಿಂದ ನದಿಗೆ ಎಸೆದ್ರು, ಅದನ್ನ ಮುಟ್ಟಿದ್ರೆ ಒಳ್ಳೇದಾಗುತ್ತೆ ಅಂತ ಎಲ್ಲರೂ ಮುಟ್ಟೋದು. ಪಕ್ಕದ ಇನ್ನೊಂದು ಫಲಕದಲ್ಲಿ ಒಂದು ನಾಯಿ ಇದೆ, ಅದಕ್ಕೂ ಸಂತನಿಗೆ ಸಿಗೋ ಕೀರ್ತಿಗೂ ಸಂಬಂಧ ಇಲ್ಲ, ಆದ್ರೂ ಜನ ಅದನ್ನೂ ಉಜ್ಜಿ ಉಜ್ಜಿ ಬೆಳಗಿದ್ದಾರೆ. ದೊಡ್ಡಮ್ಮ ಎರಡನ್ನೂ ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ದಾರೀಲಿ ಸಿಕ್ಕಿದ್ದನ್ನ ಬಿಡೋ ಜಾಯಮಾನ ಅವರದ್ದಲ್ಲ.

ಮೂರು ಗಂಟೆಗೆ ಹತ್ತು ನಿಮಿಷ ಇದ್ದಾಗ ಗಡಿಯಾರದ ಮುಂದೆ ನಿಲ್ಲಿಸಿದೆ. ಆಟ ಆಯ್ತು. ಹುಂಜ ಕೂಗ್ತು. ಸುತ್ತ ಮಾಮೂಲಿ ಅಷ್ಟೇನಾ ಎದ್ದು ಜನ ಕರಗಿದ್ರು, ಪಕ್ಕದ ಬೀದೀಲಿ ಟ್ರದೆಲ್ನೀಕ್ ಘಮ ಬರ್ತಿತ್ತು. ಅದನ್ನ ಕೋಲಿಗೆ ಹಿಟ್ಟು ಸುತ್ತಿ ಕೆಂಡದ ಮೇಲೆ ಸುಟ್ಟು ಸಕ್ಕರೆ ಚಕ್ಕೆಪುಡಿ ಹೊರಳಿಸಿ ಕೊಡ್ತಾರೆ, ಹಳೇ ಬೊಹೀಮಿಯಾದ ತಿಂಡಿ ಅಂತ ಬೋರ್ಡು ಬೇರೆ, ಇಲ್ಲಿಯೋರು ನಮ್ಮ ಅಜ್ಜಿ ಇದನ್ನ ಯಾವತ್ತೂ ಮಾಡಿಲ್ಲ ಅಂತ ಗೊಣಗ್ತಾರೆ, ಹೆಸರುವಾಸಿ ಟ್ರದೆಲ್ನೀಕ್ ಇರೋದು ಸ್ಲೊವಾಕಿಯಾದ ಸ್ಕಲಿತ್ಸಾ ಊರಲ್ಲಿ. ತಿನ್ನೋಕೆ ಚೆನ್ನಾಗಿದೆ ಅಂತ ನಾನು ಬಾಯಿ ಮುಚ್ಕೊಂಡು ತಿಂತೀನಿ. ಅದನ್ನ ತರೋಣ ಅಂತ ತಿರುಗಿದ್ರೆ ದೊಡ್ಡಪ್ಪ ಅಲ್ಲಾಡ್ತಿಲ್ಲ.

"ಮುಗೀತು ದೊಡ್ಡಪ್ಪ, ಬನ್ನಿ."

"ಏನು ಮುಗೀತು?"

ಅವರು ಬೊಂಬೆಗಳ ಕಡೆ ನೋಡೇ ಇರ್ಲಿಲ್ಲ. ಕಿಟಕಿ ಕೆಳಗಿನ ದೊಡ್ಡ ಮುಖ ಇದೆಯಲ್ಲ, ನೀಲಿ, ಕಿತ್ತಳೆ, ಕಪ್ಪು, ಮುಳ್ಳುಗಳ ಮೇಲೆ ಮುಳ್ಳು, ಉಂಗುರದ ಒಳಗೆ ಉಂಗುರ, ನಾನು ಅಲ್ಲೀವರೆಗೆ ಬರೀ ಡಿಸೈನ್ ಅಂದ್ಕೊಂಡಿದ್ದು, ಅದನ್ನ ನೋಡ್ತಿದ್ರು. "ಬಾರೋ ಇಲ್ಲಿ. ಆ ಸಣ್ಣ ಉಂಗುರ ರಾಶಿಚಕ್ರ ಅಲ್ವೇನೋ? ಅದರ ಮೇಲೆ ಚಿನ್ನದ ಸೂರ್ಯ. ಅಗೋ ಅರ್ಧ ಕಪ್ಪು ಅರ್ಧ ಬೆಳ್ಳಿ ಗುಂಡು, ಅದು ಚಂದ್ರ." ಕೆಳಗಿನ ಇನ್ನೊಂದು ತಟ್ಟೇಲಿ ಏಡಿ, ಸಿಂಹ, ತಕ್ಕಡಿ ಎಲ್ಲಾ ಬಿಡಿಸಿದ್ರು ನೋಡಿ, ಅದರಿಂದ ಅವರಿಗೆ ಜಾಡು ಸಿಕ್ಕಿದ್ದು. ಫೋನಲ್ಲಿ ಗುರುತುಗಳ ಪಟ್ಟಿ ತೆಗೆದುಕೊಟ್ಟೆ. ಐದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, ಇಡೀ ಚೌಕಕ್ಕೆ ಕೇಳೋ ಹಾಗೆ ಅಂದ್ರು, "ತಪ್ಪು!"

ಆರು ನೂರು ವರ್ಷದ ಗಡಿಯಾರಕ್ಕೆ.

"ಸೂರ್ಯ ಸಿಂಹದಲ್ಲಿದ್ದಾನೆ ಅಂತ ತೋರಿಸ್ತಿದೆ. ಇನ್ನೂ ಕರ್ಕಾಟಕ ಕಣೋ, ಸಿಂಹ ಸಂಕ್ರಮಣಕ್ಕೆ ಹತ್ತು ದಿನದ ಮೇಲಿದೆ." ಆಮೇಲೆ ಅವರೇ ತಲೆ ಕೆರ್ಕೊಂಡು, ಬೆರಳು ಮಡಿಚಿ, "ಓ, ಇವರದ್ದು ಸಾಯನ, ಹಗಲು ರಾತ್ರಿ ಸಮ ಇರೋ ದಿನದಿಂದ ರಾಶಿ ಎಣಿಸ್ತಾರೆ, ನಮ್ಮದು ನಿರಯನ, ನಕ್ಷತ್ರ ನೋಡಿ ಎಣಿಸೋದು, 24 ಡಿಗ್ರಿ ವ್ಯತ್ಯಾಸ, ಸರಿಯಾಗೇ ಇದೆ ಬಿಡು" ಅಂತ ಗಡಿಯಾರಕ್ಕೆ ಪಾಸ್ ಮಾರ್ಕ್ಸ್ ಕೊಟ್ರು. ಇದನ್ನ ಮಾಡಿದೋನು ಯಾರು ಅಂದ್ರು. ಮಿಕುಲಾಶ್ ಅನ್ನೋ ಗಡಿಯಾರದೋನು, ಲೆಕ್ಕ ಹಾಕಿಕೊಟ್ಟಿದ್ದು ಯಾನ್ ಶಿಂದೆಲ್ ಅಂತ ಇಲ್ಲಿನ ಯೂನಿವರ್ಸಿಟಿ ಮೇಷ್ಟ್ರು ಅಂದೆ. ಹನುಶ್ ಅನ್ನೋನು ಮಾಡಿದ್ದು, ಇಂಥದ್ದು ಇನ್ನೊಂದು ಮಾಡದಿರ್ಲಿ ಅಂತ ಅವನ ಕಣ್ಣು ಕೀಳಿಸಿದ್ರು ಅನ್ನೋ ಕಥೆ ಗೈಡುಗಳೆಲ್ಲಾ ಹೇಳ್ತಾರೆ, ಅದು ಕಟ್ಟುಕಥೆ. ದೊಡ್ಡಪ್ಪನಿಗೆ ಕಣ್ಣಿನ ಕಥೆ ಬೇಕಾಗಿರ್ಲಿಲ್ಲ, ಲೆಕ್ಕ ಹಾಕಿದ್ದು ಮೇಷ್ಟ್ರು ಅನ್ನೋದೇ ಸಾಕಾಯ್ತು, ಎದೆ ಸ್ವಲ್ಪ ಮುಂದೆ ಬಂತು.

ನೀಲಿ ಭಾಗದಲ್ಲಿ ಬಾಗಿದ ಚಿನ್ನದ ಗೆರೆಗಳಿವೆ, ಸೂರ್ಯ ಹುಟ್ಟಿ ಮುಳುಗೋವರೆಗಿನ ಹೊತ್ತನ್ನ ಹನ್ನೆರಡು ಭಾಗ ಮಾಡಿರೋದು, ಬೇಸಿಗೇಲಿ ಒಂದೊಂದು ಭಾಗ ಉದ್ದ, ಚಳೀಲಿ ಗಿಡ್ಡ. "ರಾಹುಕಾಲದ ಲೆಕ್ಕನೇ ಇದು, ನಾವು ಎಂಟು ಮಾಡ್ತೀವಿ ಇವರು ಹನ್ನೆರಡು ಮಾಡಿದ್ದಾರೆ" ಅಂದು, ಇವತ್ತು ಸೂರ್ಯ ಮುಳುಗೋದು ಎಷ್ಟೊತ್ತಿಗೆ ಅಂತ ಕೇಳಿದ್ರು. ರಾತ್ರಿ ಎಂಟೂ ಮುಕ್ಕಾಲು ಅಂದೆ. ಲೆಕ್ಕ ಹಾಕಿದ್ರು. ಪ್ರಾಗ್‌ನಲ್ಲಿ ಆಗಸ್ಟಲ್ಲಿ ರಾಹುಕಾಲ ಎರಡು ಗಂಟೆಗೆ ಹತ್ತಿರ, ಡಿಸೆಂಬರಲ್ಲಿ ಒಂದೇ ಗಂಟೆ. "ಒಳ್ಳೇ ಕೆಲಸ ಏನಿದ್ರೂ ಚಳಿಗಾಲದಲ್ಲಿ ಮಾಡು." ಅಷ್ಟರಲ್ಲಿ ನಾಲ್ಕಾಗಿ ಮತ್ತೆ ಬೊಂಬೆ ಬಂದು ಹೋದ್ವು, ಜನ ಅಷ್ಟೇನಾ ಅಂದ್ರು, ದೊಡ್ಡಮ್ಮ ಕಾಫಿ ಮುಗಿಸಿ ಕಟ್ಟೆ ಮೇಲೆ ಕೂತು ಮೂರನೇ ಟ್ರದೆಲ್ನೀಕ್ ಬಿಚ್ತಾ ಇದ್ರು.

ಮಾರನೇ ದಿನ ಕುಟ್ನಾ ಹೋರಾ, ರೈಲಲ್ಲಿ ಒಂದು ಗಂಟೆ. ಒಂದು ಕಾಲಕ್ಕೆ ಬೆಳ್ಳಿ ಗಣಿಯ ಊರು, ಈಗ ಜನ ಹೋಗೋದು ಅಲ್ಲಿನ ಮೂಳೆ ಗುಡಿಗೆ, ನಲವತ್ತು ಸಾವಿರ ಜನಕ್ಕೂ ಮಿಗಿಲು ಸತ್ತೋರ ಮೂಳೆ. 1278ರಲ್ಲಿ ಒಬ್ಬ ಮಠಾಧಿಪತಿ ಯೇಸುವನ್ನ ಶಿಲುಬೆಗೆ ಏರಿಸಿದ ಗುಡ್ಡದಿಂದ ಹಿಡಿ ಮಣ್ಣು ತಂದು ಚೆಲ್ಲಿದ ಅಂತ, ಆಮೇಲೆ ಎಲ್ಲರಿಗೂ ಅಲ್ಲೇ ಹೂಣಿಸ್ಕೋಬೇಕು ಅಂತ ಆಸೆ, ಪ್ಲೇಗ್ ಬೇರೆ ಬಂತು, ಯುದ್ಧ ಬೇರೆ ಆಯ್ತು, ಜಾಗ ಸಾಲದೆ ಮೂಳೆ ಎತ್ತಿ ರಾಶಿ ಹಾಕಿದ್ರು. 1870ರಲ್ಲಿ ರಿಂಟ್ ಅನ್ನೋ ಮರಗೆಲಸದೋನು ಅದರಲ್ಲೇ ತೂಗುದೀಪ, ತೋರಣ ಎಲ್ಲಾ ಮಾಡಿ, ಕೊನೆಗೆ ಗೋಡೆ ಮೇಲೆ ತನ್ನ ಹೆಸರನ್ನೂ ಮೂಳೇಲೇ ಬರೆದ. ದೊಡ್ಡಮ್ಮ ಒಳಗೆ ಬರಲ್ಲ ಅಂದ್ರು. ನಾವು ಹೊರಗೆ ಬಂದ ಮೇಲೆ, "ಈ ಸತ್ತೋರ ಮಕ್ಕಳು ಯಾರೂ ಬೇಡ ಅನ್ನಲಿಲ್ವೇನೋ?" ಅಂತ ಕೇಳಿದ್ರು. ಅವರಪ್ಪನ ಅಸ್ಥಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ ಬಿಟ್ಟಿದ್ದು ನನಗೂ ಗೊತ್ತು, ನಾನೂ ಹೋಗಿದ್ದೆ, ಚಿಕ್ಕವನು ಆಗ. ಉತ್ತರ ಹೊಳೀಲಿಲ್ಲ. ಮನೆಗೆ ಬಂದ ಮೇಲೆ ಮೂರೂ ಜನ ತಲೆಗೆ ಸ್ನಾನ ಮಾಡಿದ್ವಿ, ಗೀಸರ್ ನೀರು ಖಾಲಿಯಾಗಿ ಕೊನೆಯವನಾದ ನನಗೆ ತಣ್ಣೀರು.

ಡಿಸೆಂಬರ್ ಹನ್ನೆರಡಕ್ಕೆ ದೊಡ್ಡಪ್ಪನ ಫೋನ್ ಬಂತು. ಗಡಿಯಾರದ ಹೊರಗಡೆ ಉಂಗುರದಲ್ಲಿ ಹಳೇ ಚೆಕ್ ಲೆಕ್ಕದ ಗಂಟೆಗಳಿವೆ, ಅವರಿಗೆ ದಿನ ಶುರುವಾಗ್ತಿದ್ದು ಸೂರ್ಯ ಮುಳುಗಿದಾಗ, ಆ ಹೊತ್ತಿಗೆ ಚಿನ್ನದ ಕೈ ಸರಿಯಾಗಿ 24ರ ಮೇಲೆ ಬರ್ಬೇಕು ಅಂತ ಎಲ್ಲೋ ಓದಿದ್ರಂತೆ, "ಹೋಗಿ ನೋಡ್ಕೊಂಡು ಬಾ, ಆಫೀಸ್ ಇದ್ರೆ ಅರ್ಧ ದಿನ ರಜಾ ಹಾಕು." ಇಲ್ಲಿ ಆಗ ಸೂರ್ಯ ಮುಳುಗೋದೇ ಸಾಯಂಕಾಲ ನಾಲ್ಕಕ್ಕೆ. ಹೋದೆ. ಕ್ರಿಸ್‌ಮಸ್ ಸಂತೆ ಗದ್ದಲ, ಜನವೋ ಜನ, ಎಲ್ಲರ ಫೋನೂ ಮೇಲಿನ ಕಿಟಕಿಗಳ ಕಡೆ. ನಾನೊಬ್ಬ ವಿಡಿಯೋ ಕಾಲ್ ಮಾಡಿ ಕೆಳಗೆ ಹಿಡಿದಿದ್ದೆ.

"ಮುಂದಿನೋನ ಟೋಪಿ ಅಡ್ಡ ಬರ್ತಿದೆ, ಸ್ವಲ್ಪ ಎಡಕ್ಕೆ ಸರಿ. ಹಾಂ. ಬಂತಾ?"

ಸೂರ್ಯ ನೀಲಿ ದಾಟಿ ಕಿತ್ತಳೆಯ ಅಂಚಲ್ಲಿದ್ದ, ಚಿನ್ನದ ಕೈ ಆ ಹಳೇ ಗೀಚು ಅಕ್ಷರದ 24ರ ಮೇಲೆ ಕೂತಿತ್ತು. ಅಸ್ಥಿಪಂಜರ ಗಂಟೆ ಬಾರಿಸ್ತು, ಹುಂಜ ಕೂಗ್ತು, ಪಕ್ಕದಲ್ಲಿದ್ದ ಹುಡುಗಿ ತನ್ನ ಜೊತೆಯವನ ಕಡೆ ತಿರುಗಿ ಇಟಾಲಿಯನ್‌ನಲ್ಲಿ ಆ ಮಾತು ಅಂದ್ಲು.

"ಸೂರ್ಯ ಯಾವ ರಾಶೀಲಿ ತೋರಿಸ್ತಿದೆ?" ದೊಡ್ಡಪ್ಪ.

"ಧನುಸ್ಸು, ಕೊನೇ ಕಡೆಗೆ ಬಂದಿದೆ."

"ನೋಡ್ದಾ, ನಮಗಿನ್ನೂ ವೃಶ್ಚಿಕ. ಧನುರ್ಮಾಸಕ್ಕೆ ನಾಲ್ಕು ದಿನ ಇದೆ, ನಿಮ್ಮ ಗಡಿಯಾರ ಆಗ್ಲೇ ಹುಗ್ಗಿ ತಿಂದು ಕೈ ತೊಳೀತಿದೆ," ಅಂದು, ಒಳಗಡೆ ದೊಡ್ಡಮ್ಮನ ಕೂಗಿ ಅದನ್ನೇ ಇನ್ನೊಂದು ಸಲ ಹೇಳಿ ನಕ್ಕರು. ದೊಡ್ಡಮ್ಮ ಫೋನ್ ಇಸ್ಕೊಂಡು, ಆ ಸಕ್ಕರೆ ತಿಂಡಿ ಅಂಗಡಿ ತೆಗೆದಿದೆಯಾ ತೋರಿಸು ಅಂದ್ರು.