ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು

ಗ್ರಾಮಸಭೆಯ ನೋಟಿಸಿನ ಕಟ್ಟಕಡೆಗೆ ಒಂದು ಸಾಲಿರುತ್ತದೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ಅದರ ಮೇಲೆ ಹಿಂದಿನ ಸಭೆಯ ನಡಾವಳಿ, ಜಮಾ ಖರ್ಚು, ಕ್ರಿಯಾಯೋಜನೆ, ಫಲಾನುಭವಿಗಳ ಆಯ್ಕೆ ಎಂದೆಲ್ಲ ಪಟ್ಟಿ ಮಾಡಿರುತ್ತಾರೆ. ಅದನ್ನು ಟೈಪ್ ಮಾಡಿದ ಡಾಟಾ ಎಂಟ್ರಿ ಹುಡುಗನ ಹೊರತು ಯಾರೂ ಓದಿರುವುದಿಲ್ಲ. ಊರು ಸಭೆಗೆ ಬರುವುದು ಆ ಕೊನೆಯ ಸಾಲಿಗಾಗಿ. ಸಭೆ ನಡೆಸುವವರಿಗೆ ಹಿಂದಿನ ರಾತ್ರಿ ನಿದ್ದೆ ಬಾರದಿರುವುದೂ ಅದೇ ಸಾಲಿನಿಂದ. ಹಾಗಾಗಿ ಆ ಸಾಲನ್ನು ತಲುಪುವ ಮೊದಲೇ ಊಟದ ಹೊತ್ತಾಗುವಂತೆ ನೋಡಿಕೊಳ್ಳುವುದು ನಮ್ಮ ನಾಡಿನ ಪಂಚಾಯ್ತಿ ಆಡಳಿತ ವರ್ಷಗಳಿಂದ ರೂಢಿಸಿಕೊಂಡು ಬಂದ ಕಲೆ.

ಮೊದಲ ತಾಪತ್ರಯ ಜನ ಸೇರಿಸುವುದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು ಅನ್ನುತ್ತದೆ ಕಾಯ್ದೆ. ಕೋರಂ ಎಷ್ಟು ಅಂದರೆ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲ ಸದಸ್ಯರೇ. ಐದಾರು ಸಾವಿರ ಮತದಾರರಿರುವ ಪಂಚಾಯ್ತಿಗೆ ನೂರು ತಲೆ ಯಾವ ಲೆಕ್ಕ ಎಂದು ಬೆಂಗಳೂರಿನಲ್ಲಿ ಕೂತವರಿಗೆ ಅನ್ನಿಸಬಹುದು. ಕಸದ ಗಾಡಿಯ ಮೈಕಿನಲ್ಲಿ ‘ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ’ ಎಂಬ ಹಾಡಿನ ಮಧ್ಯೆ ಗ್ರಾಮಸಭೆಯನ್ನೂ ಸಾರುತ್ತಾರೆ. ಜನ ಎರಡನ್ನೂ ಒಂದೇ ಶ್ರದ್ಧೆಯಿಂದ ಕೇಳಿಸಿಕೊಂಡು ಹೊಲಕ್ಕೆ ಹೋಗುತ್ತಾರೆ.

ಹತ್ತೂವರೆಯ ಸಭೆಗೆ ಹನ್ನೊಂದೂವರೆಗೆ ಶಾಮಿಯಾನದ ಕೆಳಗೆ ಕಾಣಿಸುವವರು ಇಷ್ಟು: ಪಿಂಚಣಿ ನಿಂತುಹೋದ ಮೂರ್ನಾಲ್ಕು ಅಜ್ಜಿಯರು, ಬಿಲ್ ಬಾಕಿಯಿರುವ ಒಬ್ಬಿಬ್ಬರು ಗುತ್ತಿಗೆದಾರರು, ಸ್ವಸಹಾಯ ಸಂಘದ ಹೆಂಗಸರು. ಈ ಹೆಂಗಸರನ್ನು ಸಂಘದ ಮೀಟಿಂಗ್ ಇದೆ ಅಂತ ಕರೆದಿರುತ್ತಾರೆ. ಹಾಜರಿರುವವರಲ್ಲಿ ನೂರಕ್ಕೆ 30 ಮಂದಿ ಮಹಿಳೆಯರಿರಬೇಕು ಎಂಬ ನಿಯಮಕ್ಕೆ ಇದಕ್ಕಿಂತ ಸಲೀಸಾದ ದಾರಿ ಇನ್ನೂ ಪತ್ತೆಯಾಗಿಲ್ಲ. ಉಳಿದ ತಲೆಗಳಿಗೆ ಹಾಜರಿ ಪುಸ್ತಕವೇ ಬೈಕಿನಲ್ಲಿ ಹೊರಡುತ್ತದೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿ, ಹಾಲಿನ ಡೇರಿ, ರೇಷನ್ ಅಂಗಡಿಯ ಕ್ಯೂ ಎಲ್ಲ ಸುತ್ತಿ ಬರುತ್ತದೆ. ‘ಅಣ್ಣಾ, ಇಲ್ಲೊಂದ್ ಸೈನ್ ಹಾಕು’ ಅಂದರೆ ‘ಯಾತಕ್ಕಪ್ಪಾ?’ ಎಂದು ಕೇಳುವವನು ಊರಿಗೊಬ್ಬ ಇರುತ್ತಾನೆ. ಅವನನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹೆಬ್ಬೆಟ್ಟಿನವರಿಗೆ ಇಂಕ್ ಪ್ಯಾಡ್ ಕೂಡ ಜೊತೆಯಲ್ಲೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋರಂ ಭರ್ತಿ, ಕುರ್ಚಿ ಖಾಲಿ.

ಇಷ್ಟಾದ ಮೇಲೆ ನಾಡಗೀತೆ, ಸ್ವಾಗತ, ದೀಪ, ಹಾರ. ಉದ್ಘಾಟನೆಯ ಮಾತಿನಲ್ಲಿ ಗಾಂಧೀಜಿಯ ಗ್ರಾಮಸ್ವರಾಜ್ಯ ಬಂದೇ ಬರುತ್ತದೆ, ಹಿಂದೆಯೇ ಅನುಭವ ಮಂಟಪ. ಸ್ವಲ್ಪ ಓದಿಕೊಂಡವರಾದರೆ ಪಂಚಾಯ್ತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆಲ್ಲ ಬರುವ ಮೊದಲೇ 1983ರಲ್ಲೇ ಪಂಚಾಯ್ತಿ ಕಾಯ್ದೆ ತಂದ ರಾಜ್ಯ ನಮ್ಮದು, ಇದು ನಜೀರ್ ಸಾಬರ ನಾಡು ಅನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ತೋಡಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಆ ಮಂತ್ರಿಯ ಹೆಸರು ಹೇಳುವಾಗ ವೇದಿಕೆಯ ಮೇಲೆ ಬಾಟಲಿ ನೀರು ಸಾಲಾಗಿ ಇಟ್ಟಿರುತ್ತಾರೆ, ಅಷ್ಟೇ.

ಆಮೇಲೆ ಇಲಾಖಾವಾರು ಮಾಹಿತಿ. ಕೃಷಿಯವರು ಬಿತ್ತನೆ ಬೀಜ, ತೋಟಗಾರಿಕೆಯವರು ಹನಿ ನೀರಾವರಿ, ಪಶು ಆಸ್ಪತ್ರೆಯವರು ಕಾಲುಬಾಯಿ ಜ್ವರದ ಲಸಿಕೆ. ಒಬ್ಬೊಬ್ಬರೂ ಕೈಯಲ್ಲಿರುವ ಹಾಳೆಯನ್ನು ತಲೆಯೆತ್ತದೆ ಓದುತ್ತಾರೆ. ಓದಿ ಮುಗಿಸಿ ‘ಬೇರೆ ಪಂಚಾಯ್ತಿಲೂ ಸಭೆ ಇದೆ’ ಎಂದು ಎದ್ದು ಹೋಗುತ್ತಾರೆ. ಬಾರದವರದ್ದೇ ಸರದಿ ಹೆಚ್ಚು. ಕರೆಂಟಿನವರು ಬಂದಿಲ್ಲ, ಅರಣ್ಯದವರಿಗೆ ಮೇಲಧಿಕಾರಿಗಳ ಸಭೆಯಂತೆ. ಆಗ ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ: ‘ಅಧಿಕಾರಿಗಳೇ ಇಲ್ದಿದ್ ಮೇಲೆ ಯಾರ್ ಹತ್ರ ಮಾತಾಡೋದು? ಸಭೆ ಮುಂದಕ್ ಹಾಕಿ!’ ಅರ್ಧ ಶಾಮಿಯಾನ ಎದ್ದು ನಿಲ್ಲುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆ ಇದೇ ಕಾರಣಕ್ಕೆ ಸಭೆ ಮುಂದೂಡಿಸಿ ಮನೆಗೆ ಹೋಗುವಷ್ಟು ಜನ ಜೋರಾಗಿದ್ದಾರೆ. ಬಯಲುಸೀಮೆಯಲ್ಲಿ ಒಂದು ಸುತ್ತು ಟೀ ಬರುತ್ತದೆ, ಎದ್ದವರು ಕೂರುತ್ತಾರೆ.

ಈಗ ಚರ್ಚೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆಂದು ಪಟ್ಟಿ ಮಾಡಿರುವ ವಿಷಯಗಳು 29. ಊರಿನವರು ಎದ್ದು ಕೇಳುವುದು ಯಾವಾಗಲೂ ಮೂವತ್ತನೆಯದು. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಕಂದಾಯ ಇಲಾಖೆ. ಎಕ್ಸ್‌ಪ್ರೆಸ್ ಬಸ್ ನಮ್ಮೂರ ಗೇಟಿನಲ್ಲಿ ನಿಲ್ಲಿಸುವುದಿಲ್ಲ, ಸಾರಿಗೆ. ಶಾಲೆಯ ಪಕ್ಕದಲ್ಲೇ ಬಾರ್, ಅಬಕಾರಿ. ತೋಟಕ್ಕೆ ಆನೆ ಬಂತು, ಅರಣ್ಯ. ಅವರು ಆಗಲೇ ಹೇಳಿದಂತೆ ಬಂದಿಲ್ಲ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಎಲ್ಲದಕ್ಕೂ ತಾಳ್ಮೆಯಿಂದ ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಅನ್ನುತ್ತಾರೆ. ‘ಹಂಗಾದ್ರೆ ನಿಮ್ ವ್ಯಾಪ್ತಿಗೆ ಏನ್ ಬರ್ತದೆ ಸಾಮಿ?’ ಎಂದು ಅಜ್ಜಿಯೊಬ್ಬರು ಕೇಳಿದರೆ ಅದಕ್ಕೆ ಉತ್ತರವಿದೆ: ನೀರು, ನೈರ್ಮಲ್ಯ. 15ನೇ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಅವೆರಡಕ್ಕೇ ಮೀಸಲಿತ್ತು. ಉಳಿದ 40ರ ಬಗ್ಗೆ ಊರೆಲ್ಲ ಸೇರಿ ಮುಕ್ತವಾಗಿ ಚರ್ಚಿಸಬಹುದಿತ್ತು, ದುಡ್ಡು ಬಂದಿದ್ದರೆ.

ನೈರ್ಮಲ್ಯ ಅಂದ ಕೂಡಲೇ ಚರಂಡಿ ಬಂತು. ಗ್ರಾಮಸಭೆಯ ಜೀವ ಇರುವುದೇ ಚರಂಡಿಯಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

‘ಮೇಲಿನ್ ಬೀದಿ ನೀರೆಲ್ಲಾ ನಮ್ಮನೆ ಮುಂದೆ ನಿಂತದೆ, ಪಿಡಿಒ ಸಾಹೇಬ್ರು ಒಂದ್ಸಲ ಬಂದು ನೋಡ್ಬೇಕು.’

‘ನೀನ್ ಮೆಟ್ಲು ಚರಂಡಿ ಮೇಲ್ ಕಟ್ಟಿದ್ರೆ ನೀರ್ ಎಲ್ಲಿಗ್ ಹೋಯ್ತದಪ್ಪಾ?’

‘ಮೆಟ್ಲು ನಮ್ಮಪ್ಪನ್ ಕಾಲದ್ದು.’

‘ನಿಮ್ಮಪ್ಪ ಕಟ್ಟಿದ್ದೂ ನಮ್ ಜಾಗದಾಗೇ.’

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ! ಮೆಟ್ಟಿಲಿನಿಂದ ಮಾತು ಆಸ್ತಿ ಭಾಗಕ್ಕೆ ಹೋಗುತ್ತದೆ, ಭಾಗದಿಂದ ಜಮೀನು ಅಳೆದು ಬೇರೆ ಮಾಡುವ ಪೋಡಿಗೆ, ಪೋಡಿಯಿಂದ ಯಾವುದೋ ಚುನಾವಣೆಯಲ್ಲಿ ಯಾರು ಯಾರಿಗೆ ಕೈಕೊಟ್ಟರು ಎಂಬಲ್ಲಿಗೆ. ಅಷ್ಟರಲ್ಲಿ ಇಬ್ಬರಿಗೂ ಬೆಂಬಲಿಗರು ಹುಟ್ಟಿಕೊಂಡಿರುತ್ತಾರೆ. ಚರಂಡಿ ಎಲ್ಲಿದೆ ಎಂದು ನೋಡದವರೇ ಹೆಚ್ಚು ಕೂಗುತ್ತಾರೆ. ಮೊಬೈಲುಗಳು ಮೇಲೆದ್ದು ರೆಕಾರ್ಡ್ ಶುರು. ಸಭೆಯನ್ನು ನಡೆಸಿಕೊಡಲೆಂದು ತಾಲ್ಲೂಕಿನಿಂದ ಬಂದ ನೋಡಲ್ ಅಧಿಕಾರಿ ಎದ್ದು ‘ಶಾಂತಿ, ಶಾಂತಿ, ಒಬ್ಬೊಬ್ಬರಾಗಿ ಮಾತಾಡಿ’ ಅನ್ನುತ್ತಾರೆ. ಈ ಒಬ್ಬೊಬ್ಬರಾಗಿ ಮಾತಾಡುವುದು ಗ್ರಾಮಸಭೆಯ ಸ್ವಭಾವಕ್ಕೇ ಒಗ್ಗಿ ಬರುವ ಸಂಗತಿಯಲ್ಲ. ಒಬ್ಬನೇ ಮಾತಾಡಿದರೆ ಉಳಿದವರು ಕೇಳಬೇಕಾಗುತ್ತದೆ. ಪಿಂಚಣಿಯ ಅಜ್ಜಿ ಮಾತ್ರ ಈ ಗದ್ದಲದಲ್ಲೂ ಮಂಜೂರಾತಿ ಪತ್ರದ ಜೆರಾಕ್ಸನ್ನು ಎಡಗೈಯಲ್ಲಿ ಎತ್ತಿ ಹಿಡಿದೇ ಕೂತಿರುತ್ತಾರೆ. ಅವರ ಕೈ ಸೋಲುವವರೆಗೂ ಯಾರಿಗೂ ಅದು ಕಾಣಿಸುವುದಿಲ್ಲ.

ಅಧ್ಯಕ್ಷರೆಲ್ಲಿ ಅಂತೀರಾ? ಅಲ್ಲೇ ಇದ್ದಾರೆ, ನಡುವಿನ ಕುರ್ಚಿಯಲ್ಲಿ, ಹಾರ ಹಾಕಿಕೊಂಡು. ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, ಇದು ಹೆಮ್ಮೆಯ ವಿಷಯವೇ. ಆದರೆ ಅಧ್ಯಕ್ಷೆಯ ಕಡೆ ಮೈಕು ಹೊರಟಾಗ ಮಧ್ಯದಲ್ಲೇ ಅದನ್ನು ಈಸಿಕೊಳ್ಳುವ ಒಂದು ಬಿಳಿ ಅಂಗಿ ಎಷ್ಟೋ ವೇದಿಕೆಗಳಲ್ಲಿ ಇರುತ್ತದೆ. ‘ಅಧ್ಯಕ್ಷರ ಪರವಾಗಿ ಹೇಳೋದಾದ್ರೆ...’ ಎಂದು ಅಂಗಿ ಶುರು ಮಾಡುತ್ತದೆ. ಯಾವ ಕಾಯ್ದೆಯಲ್ಲೂ ಈ ಹುದ್ದೆ ಇಲ್ಲ. ಸಂಬಳ, ರಜೆ, ಅವಿಶ್ವಾಸ ನಿರ್ಣಯ ಯಾವುದೂ ತಟ್ಟುವುದಿಲ್ಲ. ಇದಕ್ಕೆ ಅಪವಾದವಾಗಿ ಮೈಕನ್ನು ತಾವೇ ಹಿಡಿದು ಗಂಡನನ್ನು ಮನೆಯಲ್ಲೇ ಬಿಟ್ಟು ಬರುವ ಅಧ್ಯಕ್ಷೆಯರೂ ಇದ್ದಾರೆ. ಅಂಥವರ ಬಗ್ಗೆ ಊರಿನ ದೂರು ಒಂದೇ: ‘ಆಯಮ್ಮ ಸ್ವಲ್ಪ ಜೋರು.’

ಚರ್ಚೆಯ ಫಲ ಏನು ಅಂದರೆ ಪತ್ರ. ‘ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಲು ತೀರ್ಮಾನಿಸಲಾಯಿತು.’ ಪತ್ರ ತಾಲ್ಲೂಕು ಪಂಚಾಯ್ತಿಗೆ ಹೋಗುತ್ತದೆ, ಅಲ್ಲಿಂದ ಜಿಲ್ಲಾ ಪಂಚಾಯ್ತಿಗೆ. ಅಲ್ಲಿ ಅದನ್ನು ಎತ್ತಿ ಕೇಳಬೇಕಾದ ನಮ್ಮ ಸದಸ್ಯರು? 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚರಂಡಿಯ ಪತ್ರ ಖಾಲಿ ಕುರ್ಚಿಗಳ ಮುಂದೆ ಹಾದು, ಷರಾ ಬರೆಸಿಕೊಂಡು, ‘ನಿಯಮಾನುಸಾರ ಕ್ರಮ ವಹಿಸುವುದು’ ಎಂಬ ಆದೇಶದೊಂದಿಗೆ ಅದೇ ಪಿಡಿಒ ಮೇಜಿಗೆ ವಾಪಸಾಗುತ್ತದೆ.

ಇಷ್ಟೆಲ್ಲ ರಂಪದ ನಡುವೆಯೂ ನಡಾವಳಿ ಪುಸ್ತಕ ಎಷ್ಟು ಪ್ರಶಾಂತವಾಗಿರುತ್ತದೆ ನೋಡಬೇಕು! ‘ಸದರಿ ವಿಷಯವನ್ನು ಸಭೆಯ ಮುಂದೆ ಮಂಡಿಸಲಾಗಿ, ಕೂಲಂಕಷವಾಗಿ ಚರ್ಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಕಾಲರ್ ಹಿಡಿದುಕೊಂಡವರು, ಕುರ್ಚಿ ಎತ್ತಿದವರು, ಬಹಿಷ್ಕಾರ ಹಾಕಿ ಹೊರನಡೆದು ಹೋಟೆಲಿನಲ್ಲಿ ಇಡ್ಲಿ ತಿಂದವರು ಎಲ್ಲರೂ ಆ ಸರ್ವಾನುಮತದೊಳಗೇ ಸೇರಿದ್ದಾರೆ. ಕೆಲವು ಕಡೆ ಈ ಪುಟಗಳ ಇಂಕು ಸಭೆಯ ಹಿಂದಿನ ದಿನವೇ ಒಣಗಿರುತ್ತದೆ ಎಂದು ಬಾಯಿಬಡುಕರು ಆಡಿಕೊಳ್ಳುವುದುಂಟು. ಅದನ್ನು ಮುಂದಾಲೋಚನೆ ಎಂದೇಕೆ ಕರೆಯಬಾರದು?

ಈ ನೆಮ್ಮದಿಗೂ ಕಲ್ಲು ಬಿದ್ದಿದೆ. 2025ರ ಆಗಸ್ಟಿನಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ‘ಸಭಾಸಾರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನ ಹೊರತಂದಿತು, ತ್ರಿಪುರಾದಿಂದ ಶುರು. ಗ್ರಾಮಸಭೆಯ ಆಡಿಯೊ, ವಿಡಿಯೊ ಕೊಟ್ಟರೆ ನಡಾವಳಿಯನ್ನು ಅದೇ ಬರೆದುಕೊಡುತ್ತದಂತೆ. ಸರ್ಕಾರದ ಭಾಷಿಣಿ ವೇದಿಕೆಯ ಮೇಲೆ ನಡೆಯುವುದರಿಂದ ದೇಶದ ಹಲವು ಭಾಷೆಗಳು ಅದಕ್ಕೆ ಬರುತ್ತವೆ. ಆಡಿದ್ದನ್ನು ಆಡಿದ ಹಾಗೆ ಕೇಳಿಸಿಕೊಳ್ಳುವ ಒಂದು ಕಿವಿ ಗ್ರಾಮಸಭೆಗೆ ಮೊದಲ ಸಲ ಸಿಗುವ ಲಕ್ಷಣ ಕಾಣಿಸಿತು. ‘ನಿಮ್ಮಪ್ಪ ಕಟ್ಟಿದ್ದೂ ನಮ್ ಜಾಗದಾಗೇ’ ಎಂಬುದನ್ನು ಅದು ಯಾವ ವಿಷಯದ ಕೆಳಗೆ ಹಾಕೀತು, ಬಿಳಿ ಅಂಗಿಯ ಮಾತನ್ನು ಯಾರ ಹೆಸರಿಗೆ ಬರೆದೀತು ಎಂದು ಯೋಚಿಸಿದವರಿಗೆ ಒಂದು ಕ್ಷಣ ಗಾಬರಿಯಾದದ್ದು ಸಹಜ.

ಆದರೆ ನಮ್ಮ ಕಾರ್ಯದರ್ಶಿಗಳನ್ನು ಅಷ್ಟು ಹಗುರವಾಗಿ ಕಾಣಬಾರದು. ಯಂತ್ರಕ್ಕೆ ಬೇಕಾದದ್ದು ದನಿ ತಾನೇ? ಜನರೆಲ್ಲ ಊಟಕ್ಕೆ ಎದ್ದ ಮೇಲೆ ಬಾಗಿಲು ಮುಂದೆ ಮಾಡಿ, ಫೋನನ್ನು ಮೇಜಿನ ಮೇಲಿಟ್ಟು, ಬರೆದಿಟ್ಟ ನಡಾವಳಿಯನ್ನು ಮೊದಲ ಪುಟದಿಂದ ಸ್ಫುಟವಾಗಿ ಓದಿದರಾಯಿತು. ‘ವಿಷಯ ಸಂಖ್ಯೆ ಒಂದು. ಸದರಿ ವಿಷಯವನ್ನು ಸಭೆಯ ಮುಂದೆ ಮಂಡಿಸಲಾಗಿ...’ ಬಿಲ್ ಕಲೆಕ್ಟರ್ ಪಕ್ಕದಲ್ಲಿ ನಿಂತು ಪ್ರತಿ ವಿಷಯ ಮುಗಿದಾಗಲೂ ಎರಡು ಸಲ ಚಪ್ಪಾಳೆ ತಟ್ಟುತ್ತಾನೆ. ಕೊನೆಯ ವಿಷಯಕ್ಕೆ ಬಂದಾಗ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಓದುತ್ತಾರೆ: ‘ಇತರೆ ವಿಷಯಗಳು: ಯಾವುದೂ ಇರುವುದಿಲ್ಲ.’