ಅಪರೂಪದ ಮೂಟೆಗಾಗಿ ದಿನದಿನದ ಸೊಂಟ

ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಕಡೆಯ ಒಂದು ಹಳೆಯ ಸ್ಪ್ರಿಂಗ್ ಅಂಗಡಿಯಲ್ಲಿ ದುಡ್ಡು ಹಿಡಿದು ನಿಂತರೂ ನನಗೆ ಸಾಮಾನು ಕೊಡಲಿಲ್ಲ. ನನ್ನ 1974ರ ಶೆವ್ರೊಲೆಟ್ ಕೆ10 ಪಿಕಪ್ಪನ್ನು ನಾಲ್ಕು ಇಂಚು ಎತ್ತರಿಸುವ ಸ್ಪ್ರಿಂಗ್ ಕೇಳಿದ್ದೆ. ಅಂಗಡಿಯ ಮುದುಕ ಹೊರಗೆ ಬಂದು, ಗಾಡಿಯ ಹಿಂಭಾಗದೊಳಗೆ ಇಣುಕಿ, ಸೋಮವಾರ ಬೆಳಿಗ್ಗೆ ಇದರಲ್ಲಿ ಏನಿರುತ್ತದೆ ಎಂದು ವಿಚಾರಿಸಿದ. ಒಂದು ಟೂಲ್ ಬಾಕ್ಸ್, ಒಂದು ಸ್ಟೆಪ್ನಿ ಎಂದೆ. ಹಾಗಾದರೆ ಮೊದಲು ತೂಕ ಹಾಕಿಸಿಕೊಂಡು ಬಾ, ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಬೇರೆ, ಹಿಂದಿನದು ಬೇರೆ ಎಂದು ಹೆದ್ದಾರಿಯ ಪಕ್ಕದ ಲಾರಿ ತಂಗುದಾಣಕ್ಕೆ ಅಟ್ಟಿದ.

ಚೀಟಿಯಲ್ಲಿ ಮುಂದಿನ ಆಕ್ಸಲ್ ಸುಮಾರು 2,600 ಪೌಂಡ್, ಹಿಂದಿನದು 1,900 ಎಂದು ಬಂತು. ಎಂಜಿನ್ ಇರುವ ಮೂತಿ ಭಾರ, ಬೆನ್ನು ಹಗುರ. ಮುದುಕ ಆ 1,900ರ ಮೇಲೆ ಗ್ರೀಸ್ ಮೆತ್ತಿದ ಬೆರಳಿಟ್ಟು, ಕ್ಯಾಟಲಾಗಿನಲ್ಲಿ ನಾನು ಆರಿಸಿದ್ದ ಸೆಟ್ಟಿನ ಪುಟವನ್ನು ಮಗುಚಿ ಹಾಕಿದ. ಅರ್ಧ ಟನ್ ಹೇರಿದಾಗ ಮಾತ್ರ ಬಾಗುವ ಸ್ಪ್ರಿಂಗ್ ಅದು. ಖಾಲಿ ಓಡಿಸುವವನ ಪಾಲಿಗೆ ಬರೀ ಕಬ್ಬಿಣ. ವ್ಯಾಪಾರಿಯೊಬ್ಬ ಕೈಗೆ ಬಂದ ದೊಡ್ಡ ಬಿಲ್ಲನ್ನು ತಾನಾಗಿಯೇ ಬಿಟ್ಟುಕೊಟ್ಟಿದ್ದು ಕಂಡು ಖುಷಿಯಾಯಿತು. ಬೆನ್ನಿಗೇ ನಮ್ಮೂರಿನ ಮೇಲೆ ಸಿಟ್ಟೂ ಬಂತು.

ನಾನು ಮೂಡಿಗೆರೆ ಕಡೆಯವನು. ಮನೆಯಲ್ಲಿ ಈಗಲೂ ಅಪ್ಪನ ಮಹೀಂದ್ರ ಜೀಪಿದೆ. ಇಂಥ ಗಾಡಿಗಳ ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು; ಒಂದೊಂದು ಪಟ್ಟಿಯೂ ಒಂದು ಪ್ಲೇಟ್. ನಮ್ಮಲ್ಲಿ ಸ್ಪ್ರಿಂಗಿನ ವಿಷಯದಲ್ಲಿ ಇರುವುದು ಒಂದೇ ಪ್ರಶ್ನೆ: ಪ್ಲೇಟ್ ಎಷ್ಟು? ಪಕ್ಕದ ತೋಟದವರ ಜೀಪಿಗೆ ಒಂಬತ್ತಿದ್ದರೆ ನಮ್ಮದಕ್ಕೆ ಹತ್ತಾಗಬೇಕು. ಗಾಡಿ ತುಸು ಕುಸಿದಂತೆ ಕಂಡರೆ ಪ್ಲೇಟ್ ಅಂಗಡಿಗೆ ಒಯ್ದು ಇನ್ನೊಂದು ಸೇರಿಸುತ್ತಾರೆ, ಕಮಾನು ಏರಿಸುತ್ತಾರೆ, ಆಯುಧ ಪೂಜೆಗೆ ಮುಂಚೆ ಹಳೇ ಎಂಜಿನ್ ಆಯಿಲ್ ಬಳಿಯುತ್ತಾರೆ. ಸೇರಿಸಿದ ಪ್ಲೇಟನ್ನು ಯಾರೂ ತೆಗೆಸಿದ್ದನ್ನು ನಾನು ಕಂಡಿಲ್ಲ. ಕೇಳಿದರೆ, ಕಾಫಿ ಕೊಯ್ಲಿನಲ್ಲಿ ಮೂಟೆ ಹೇರಬೇಕಲ್ಲ ಎನ್ನುತ್ತಾರೆ. ಆ ಕೊಯ್ಲಿನಲ್ಲೂ ಜೀಪಿಗೆ ನಿಜವಾದ ಭಾರ ಬೀಳುವುದು ಕೆಲವೇ ದಿನ. ಉಳಿದಂತೆ ವರ್ಷವಿಡೀ ಅದರಲ್ಲಿ ಅಪ್ಪ ಒಬ್ಬರೇ, ಪಕ್ಕದ ಸೀಟಿನಲ್ಲಿ ಒಂದು ಕೈಚೀಲ, ಸಂತೆಗೆ ಹೋಗಿ ಬರುವ ದಾರಿ. ಅಮ್ಮ ಜೀಪು ಹತ್ತುವುದನ್ನೇ ಬಿಟ್ಟಿದ್ದಾರೆ. ಆಟೋಗೆ ಹೇಳಿ, ಇಲ್ಲದಿದ್ದರೆ ನಾನು ಬರುವುದಿಲ್ಲ ಎನ್ನುತ್ತಾರೆ.

ನನ್ನ ತಕರಾರು ಇಷ್ಟೇ. ಎಂದೋ ಬರುವ ಭಾರಕ್ಕಾಗಿ ನಾವು ದಿನದಿನದ ಸೊಂಟವನ್ನು ಬಲಿ ಕೊಡುತ್ತೇವೆ, ಮತ್ತು ಅದನ್ನೇ ಗಟ್ಟಿತನ ಎಂದು ಹೊಗಳಿಕೊಳ್ಳುತ್ತೇವೆ. ಮಾಂದಲಪಟ್ಟಿಗೋ ಕೊಡಚಾದ್ರಿಗೋ ಜೀಪಿನಲ್ಲಿ ಹೋದವರನ್ನು ಕೇಳಿ ನೋಡಿ. ಕಂಬಿ ಹಿಡಿದು, ತಲೆ ಚಾವಣಿಗೆ ಬಡಿದು, ಇಳಿಯುವಾಗ ಮೂಳೆ ಎಣಿಸಿಕೊಂಡವರೂ ಏನು ಮಜಾ ಬಂತು ಎನ್ನುತ್ತಾರೆ. ದಿನಕ್ಕೆ ನಾಲ್ಕಾರು ಸಲ ಅದೇ ದಾರಿಯಲ್ಲಿ ಏರಿಳಿಯುವ ಚಾಲಕನ ಬೆನ್ನಿನ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಪ್ಲೇಟಿನ ಲೆಕ್ಕದಿಂದ ಬಿಗಿತ ಗೊತ್ತಾಗುವುದಿಲ್ಲ. ನೋಡಬೇಕಾದ್ದು ದಪ್ಪ ಮತ್ತು ಉದ್ದ. ಪಟ್ಟಿಯ ದಪ್ಪ ಅರ್ಧವಾದರೆ ಬಿಗಿತ ಎಂಟನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ದಪ್ಪ ಪ್ಲೇಟಿನ ಜಾಗದಲ್ಲಿ ಅದರ ಅರ್ಧ ದಪ್ಪದ ಎರಡನ್ನಿಟ್ಟರೆ ಕಬ್ಬಿಣ ಅಷ್ಟೇ, ಬಿಗಿತ ಮಾತ್ರ ಕಾಲು ಭಾಗ. ಉದ್ದ ಇದರ ತಿರುವುಮುರುವು. ನನ್ನ ಗಾಡಿಯ ಹಿಂದಿನ ಸ್ಪ್ರಿಂಗ್ 52 ಇಂಚಿನದು. 1988ರಲ್ಲಿ ಬಂದ ಮುಂದಿನ ತಲೆಮಾರಿನ ಶೆವ್ರೊಲೆಟ್ ಪಿಕಪ್‌ಗಳದ್ದು 63ರ ಸುಮಾರು. ಅದೇ ಪ್ಲೇಟುಗಳನ್ನು ಅಷ್ಟು ಉದ್ದ ಮಾಡಿದರೆ ಬಿಗಿತ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಇಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಚಾಸಿಯ ಮೇಲಿನ ಬ್ರಾಕೆಟ್ ಕಳಚಿ, ಬೇರೆಡೆ ತೂತು ಕೊರೆದು ಆ ಉದ್ದದ ಸ್ಪ್ರಿಂಗನ್ನು ಕೂರಿಸುವುದು ಸುಮ್ಮನೆ ಅಲ್ಲ.

ಗಾಡಿಯನ್ನು ಎತ್ತರಿಸಲು ಹೊರಟಾಗ ಪೇಚು ಹೆಚ್ಚುತ್ತದೆ. ಒಂದು ಹೆಚ್ಚುವರಿ ಪ್ಲೇಟ್ ತೂರಿಸುವುದು ಅಗ್ಗ, ಆದರೆ ಸವಾರಿಗೆ ಕೆಟ್ಟದ್ದು. ಹಿಂದಿನ ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಕಬ್ಬಿಣದ ದಿಮ್ಮಿ ಇಟ್ಟರೆ ಮೆತ್ತಗಿನ ಹಳೇ ಸ್ಪ್ರಿಂಗ್ ಹಾಗೇ ಉಳಿಯುತ್ತದೆ, ಆದರೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಪ್ಲೇಟನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ. ಮುಂದಿನ ಆಕ್ಸಲ್‌ಗಂತೂ ಆ ದಿಮ್ಮಿಯನ್ನು ಇಡಲೇಬಾರದು. ಕಮಾನನ್ನೇ ಏರಿಸಿದರೆ ಶ್ಯಾಕಲ್ ಕಡೆ, ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ತೂಗಾಡುವ ಕೊಂಡಿಯ ಕಡೆ, ಕಣ್ಣಿಡಬೇಕು. ಚಕ್ರ ಗುಂಡಿಯಿಂದ ಮೇಲೆದ್ದಾಗ ಪಟ್ಟಿ ನೆಟ್ಟಗಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್. ಅದು ತಪ್ಪು ಕಡೆಗೆ ವಾಲಿ ನಿಂತಿದ್ದರೆ ಪಟ್ಟಿಗೆ ಹೋಗಲು ದಾರಿಯಿಲ್ಲ, ಪೆಟ್ಟು ನೇರವಾಗಿ ಚಾಸಿಗೆ, ಅಲ್ಲಿಂದ ಸೀಟಿಗೆ. ಅತ್ಯುತ್ತಮ ಶಾಕ್ ಅಬ್ಸಾರ್ಬರ್ ಹಾಕಿದರೂ ಅದನ್ನು ಅಳಿಸಲಾಗದು.

ಮುದುಕ ಕೊನೆಗೆ ಒಪ್ಪಿದ್ದು ಎರಡೂವರೆ ಇಂಚಿಗೆ. ತೆಳುವಾದ ಹೆಚ್ಚು ಪ್ಲೇಟುಗಳು, ಒಂದೊಂದರ ತುದಿಯಲ್ಲೂ ಬಿಲ್ಲೆಯಷ್ಟು ದೊಡ್ಡ ಪ್ಲಾಸ್ಟಿಕ್ ತುಣುಕು, ಪ್ಲೇಟು ಪ್ಲೇಟು ಉಜ್ಜಿಕೊಂಡು ತುಕ್ಕು ಹಿಡಿದು ಅಂಟಬಾರದೆಂದು. ಸ್ಪ್ರಿಂಗಿನ ತುದಿಯ ಸುರುಳಿಯಂಥ ಕಿವಿಗಳೊಳಗೆ ಕೂರುವ ಬುಷ್ ಗಟ್ಟಿ ಪಾಲಿಯುರೆಥೇನಿನದು (ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು) ಬೇಡ, ರಬ್ಬರಿನದೇ ಇರಲಿ ಎಂದ. ಕೂರಿಸುವಾಗ ಬುಷ್ ಬೋಲ್ಟನ್ನು ಜ್ಯಾಕಿನ ಮೇಲೆ ಬಿಗಿಯಬೇಡ, ಗಾಡಿ ತನ್ನ ಕಾಲ ಮೇಲೆ ನಿಂತ ನಂತರ ಬಿಗಿ ಎಂದ. ಇಲ್ಲದಿದ್ದರೆ ರಬ್ಬರು ತಿರುಚಿದ ಹಾಗೆಯೇ ಸಿಕ್ಕಿಕೊಂಡು ಬೇಗ ಹರಿಯುತ್ತದೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಹಳೇ ಯು ಬೋಲ್ಟುಗಳನ್ನು ನನ್ನ ಕಣ್ಣೆದುರೇ ಗುಜರಿ ಡ್ರಮ್ಮಿಗೆ ಎಸೆದ, ಮತ್ತೆ ಬಳಸಿಬಿಟ್ಟೇನೆಂಬ ಅನುಮಾನದಿಂದಲೋ ಏನೋ. ಹಾಕಿದ ಮೇಲೆ ಸಿಯೆರಾ ತಪ್ಪಲಿನ ಒಡೆದ ಡಾಂಬರಿನ ಮೇಲೆ ಓಡಿಸಿದೆ. ಬಟ್ಟಲಿನ ಕಾಫಿ ತುಳುಕಿತು, ಚೆಲ್ಲಲಿಲ್ಲ. ಐವತ್ತು ವರ್ಷದ ಗಾಡಿಯಿಂದ ಇದಕ್ಕಿಂತ ಹೆಚ್ಚಿಗೆ ಬಯಸುವುದು ದುರಾಸೆ.

ಕಾನೂನಿನ ಮಾತೂ ಬರಲಿ. ಇಲ್ಲಿ ನನ್ನ ಗಾತ್ರದ ಪಿಕಪ್ಪಿನ ಚಾಸಿ ನೆಲದಿಂದ 30 ಇಂಚು ಮೀರಬಾರದು; ಅದರೊಳಗೆ ನಿನ್ನಿಷ್ಟ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪ ಬದಲಿಸಬೇಡ ಎನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಗೊಳಿಸಿತು. ಸರಿ. ಆದರೆ ಎರಡು ಇಂಚು ಎತ್ತರಿಸಿದ ಹುಡುಗ ದಂಡ ಕಟ್ಟುತ್ತಾನೆ, ಮೂರು ಪ್ಲೇಟ್ ತುರುಕಿ ಎರಡರಷ್ಟು ಮರಳು ಹೇರುವ ಟಿಪ್ಪರ್ ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ಮುಗಿಸಿಕೊಂಡು ಸಲೀಸಾಗಿ ಆಚೆ ಬರುತ್ತದೆ. ಬಿಗಿಗೊಳಿಸುವುದು ಯಾರ ಕಣ್ಣಿಗೂ ಬದಲಾವಣೆಯಾಗಿ ಕಾಣುವುದೇ ಇಲ್ಲ.

ಹಾಗೆಂದು ಇಲ್ಲಿನವರೆಲ್ಲ ತೂಕದ ಚೀಟಿ ಹಿಡಿದು ಓಡಾಡುತ್ತಾರೆ ಎಂದುಕೊಳ್ಳಬೇಡಿ. ಆರು ಇಂಚು ಎತ್ತರಿಸಿ ಮಾಲ್‌ನ ಪಾರ್ಕಿಂಗ್ ಬಿಟ್ಟು ಎಲ್ಲೂ ಹೋಗದ ಗಾಡಿಗಳಿಗೆ ಲೆಕ್ಕವಿಲ್ಲ. ಕ್ಯಾಟಲಾಗುಗಳಂತೂ ಎಲ್ಲ ಸ್ಪ್ರಿಂಗನ್ನೂ ಮೆತ್ತಗಿನದು ಎಂದೇ ಮಾರುತ್ತವೆ. ಒಂದು ಇಂಚು ಬಾಗಲು ಎಷ್ಟು ಪೌಂಡ್ ಬೇಕು ಎಂಬ, ಬೇಕಾದ ಆ ಒಂದೇ ಅಂಕಿಯನ್ನು ಬಹಳಷ್ಟು ಕಡೆ ಅಚ್ಚು ಹಾಕುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಊರಿನ ಪರವಾಗಿಯೂ ಎರಡು ಮಾತು ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ನನ್ನ ಮುದುಕನಿಗೆ ಒಂದು ಮುರಿದ ಪ್ಲೇಟ್ ಕೊಟ್ಟು ಇದೊಂದನ್ನು ಮಾಡಿಕೊಡು ಎಂದರೆ ಹೆಗಲು ಕುಣಿಸುತ್ತಾನೆ. ಪೂರ್ತಿ ಸೆಟ್ ಬದಲಿಸು ಎನ್ನುತ್ತಾನೆ. ನಮ್ಮ ಪ್ಲೇಟ್ ಅಂಗಡಿಯವರು ಸೆಂಟರ್ ಬೋಲ್ಟ್ ಬಿಚ್ಚಿ, ಮುರಿದದ್ದನ್ನು ಹೊರಗೆಳೆದು, ರಾಶಿಯಿಂದ ಇನ್ನೊಂದನ್ನು ಕಣ್ಣಳತೆಯಲ್ಲೇ ಆರಿಸಿ, ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಬಡಿದು ಬಡಿದು ಕಮಾನು ಕೂಡಿಸಿ, ಮಧ್ಯಾಹ್ನದ ಊಟದೊಳಗೆ ಗಾಡಿ ಕಳಿಸುತ್ತಾರೆ. ಮುರಿದ ತುಂಡು ಕುಲುಮೆ ಸೇರಿ ಮುಂದಿನ ಮಳೆಗಾಲಕ್ಕೆ ಕಂಬಳಿಕೊಪ್ಪೆ ಹೊದ್ದವರ ಕೈಯಲ್ಲಿ ಕತ್ತಿಯಾಗುತ್ತದೆ. ಇನ್ನೊಂದು: ನನ್ನ ಈ ಮೆತ್ತಗಿನ ಗಾಡಿಗೆ ಹತ್ತು ಆಳು, ಗೊಬ್ಬರದ ಮೂಟೆ ಹೇರಿ ಚಾರ್ಮಾಡಿ ಘಾಟಿ ಇಳಿಸು ಎಂದರೆ ನಾನು ಒಲ್ಲೆ. ತಿರುವಿನಲ್ಲಿ ಅದು ಒಂದು ಮಗ್ಗುಲಿಗೆ ವಾಲುವ ರೀತಿ ಖಾಲಿಯಿದ್ದಾಗಲೇ ಗೊತ್ತಾಗುತ್ತದೆ. ಮನೆಗೊಂದೇ ಗಾಡಿ ಇರುವ ಊರಿನಲ್ಲಿ ಅದನ್ನು ಅತಿ ಕಷ್ಟದ ದಿನಕ್ಕೆ ಸಜ್ಜು ಮಾಡಿಡುವುದನ್ನು ದಡ್ಡತನ ಎನ್ನಲಾಗದು. ನನಗಿಲ್ಲಿ ಆಫೀಸಿಗೆ ಹೋಗಲು ಬೇರೆ ಕಾರಿದೆ.

ಆದರೂ ಒಂದು ಪಟ್ಟು ಬಿಟ್ಟಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಜೀಪಿನ ಹಿಂದಿನ ಸೆಟ್ಟುಗಳಿಂದ ಎರಡೆರಡು ಪ್ಲೇಟ್ ಬಿಚ್ಚಿಸಿ, ಆಯಿಲ್ ಬಳಿದು ಕೊಟ್ಟಿಗೆಯಲ್ಲಿಟ್ಟು, ಕೊಯ್ಲಿಗೆ ಮುಂಚೆ ಮತ್ತೆ ಹಾಕಿಸೋಣ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇನೆ. ಅಮ್ಮ ಹಿಂದಿನಿಂದ ಹೂಂ ಎಂದರು. ಅಪ್ಪ, ಬಿಚ್ಚಿಟ್ಟ ಪ್ಲೇಟನ್ನು ಯಾರಾದರೂ ಕತ್ತಿ ಮಾಡಿಸಿಕೊಂಡು ಹೋಗುತ್ತಾರೆ ಎಂದು ಮಾತು ಬದಲಿಸಿ ಕಾಳುಮೆಣಸಿನ ಬೆಲೆಗೆ ಹೋದರು.