ಬೆಂಕಿ ಹತ್ತದ ನಾಟಕ: ಹೋರ್ವಾತನ ‘ಇಟಾಲಿಯನ್ ರಾತ್ರಿ’

ರಾಜಕೀಯ ಉಗ್ರವಾದದ ಎದುರು ಸಭ್ಯರು ಮೈಮರೆತು ಕೂರುವುದನ್ನು ಗೇಲಿ ಮಾಡಿದ ಜರ್ಮನ್ ನಾಟಕ ಯಾವುದೆಂದು ಕೇಳಿದರೆ ಹೆಚ್ಚಿನ ರಂಗಾಸಕ್ತರು ಸ್ವಿಟ್ಜರ್‌ಲೆಂಡಿನ ಮ್ಯಾಕ್ಸ್ ಫ್ರಿಶ್‌ನನ್ನು ನೆನೆಯುತ್ತಾರೆ. 1958ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಪ್ರದರ್ಶನ ಕಂಡ ಅವನ ನಾಟಕದಲ್ಲಿ ಕೂದಲೆಣ್ಣೆ ತಯಾರಿಸುವ ಸಿರಿವಂತನೊಬ್ಬ, ತನ್ನ ಅಟ್ಟದಲ್ಲಿ ಪೆಟ್ರೋಲ್ ಪೀಪಾಯಿ ಪೇರಿಸುತ್ತಿರುವವರನ್ನು ಊಟಕ್ಕೆ ಕೂರಿಸಿ, ಕೊನೆಗೆ ತಾನೇ ಬೆಂಕಿಕಡ್ಡಿಯನ್ನೂ ಕೊಡುತ್ತಾನೆ. ಅದು ಒಳ್ಳೆಯ ನಾಟಕವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೂ 27 ವರ್ಷ ಮೊದಲು, ನಾಜಿಗಳು ಇನ್ನೂ ಅಧಿಕಾರಕ್ಕೆ ಬಾರದೇ ಇದ್ದಾಗ, ಜರ್ಮನ್ ಭಾಷೆಯ ನಾಟಕಕಾರ ಓಡೋನ್ ಫಾನ್ ಹೋರ್ವಾತ್ ರಂಗಕ್ಕೆ ತಂದ ‘ಇಟಾಲಿಯನ್ ರಾತ್ರಿ’ ಇನ್ನೂ ನಿರ್ದಯವಾದ ಕೃತಿಯೆಂದು ನಾನು ನಂಬಿದ್ದೇನೆ. ಕಾರಣ ಇಷ್ಟೇ: ಈ ನಾಟಕದಲ್ಲಿ ಯಾವ ಮನೆಯೂ ಸುಡುವುದಿಲ್ಲ.

ಕಥೆ ನಡೆಯುವುದು ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ಮೊದಲ ಮಹಾಯುದ್ಧದ ಕೊನೆಯಲ್ಲಿ ಅರಸೊತ್ತಿಗೆ ಅಳಿದು ಬಂದ ಗಣರಾಜ್ಯವನ್ನು ಕಾಯುವ ಸಂಘದ ಸದಸ್ಯರು ಲೇನಿಂಗರ್ ಎಂಬವನ ಹೋಟೆಲಿನಲ್ಲಿ ಕುಳಿತು ಬಿಯರ್ ಕುಡಿಯುತ್ತ ಇಸ್ಪೀಟು ಆಡುತ್ತಾರೆ, ಪತ್ರಿಕೆ ಓದುತ್ತಾರೆ. ಅವರ ಮುಖಂಡ ಅಮೆಟ್ಸ್‌ಬರ್ಗರ್ ಎಂಬ ನಗರಸಭಾ ಸದಸ್ಯ. ಸಂಘದವರು ಸಂಜೆಗೆ ಸಂಗೀತ, ನೃತ್ಯಗಳಿರುವ ‘ಇಟಾಲಿಯನ್ ರಾತ್ರಿ’ ಎಂಬ ಸಂತೋಷಕೂಟವನ್ನು ಏರ್ಪಡಿಸಿದ್ದಾರೆ. ಅದೇ ದಿನ ಫ್ಯಾಸಿಸ್ಟರು ಊರಿನಲ್ಲಿ ‘ಜರ್ಮನ್ ದಿನ’ ಆಚರಿಸುತ್ತ ಕವಾಯತು ನಡೆಸುತ್ತಿದ್ದಾರೆ. ಲೇನಿಂಗರ್ ಹಗಲಿನಲ್ಲಿ ಅವರಿಗೂ ರಾತ್ರಿ ಇವರಿಗೂ ಜಾಗ ಕೊಟ್ಟಿದ್ದಾನೆ. ಅವನ ಪಾಲಿಗೆ ಎರಡೂ ಕಡೆಯವರು ಬಿಯರಿಗೆ ದುಡ್ಡು ಕೊಡುವ ಗಿರಾಕಿಗಳೇ. ಪ್ರಜಾಪ್ರಭುತ್ವಕ್ಕೆ ಸದ್ಯ ಯಾವ ಅಪಾಯವೂ ಇಲ್ಲ, ತಮ್ಮ ಸಂಘವೂ ಅದರ ಅಧ್ಯಕ್ಷನಾಗಿ ತಾನೂ ಇರುವವರೆಗೆ ಗಣರಾಜ್ಯ ನಿಶ್ಚಿಂತೆಯಿಂದ ನಿದ್ರಿಸಬಹುದು ಎಂದು ಅಮೆಟ್ಸ್‌ಬರ್ಗರ್ ಘೋಷಿಸಿದಾಗ, ಅವನ ಉದಾಸೀನವನ್ನು ಸಹಿಸದ ತರುಣ ಮಾರ್ಟಿನ್ ‘ಶುಭರಾತ್ರಿ’ ಎಂದು ಹೇಳಿ ಮುಗಿಸುತ್ತಾನೆ.

ನಾಟಕದ ಮೊದಲ ಪ್ರದರ್ಶನ ನಡೆದದ್ದು 1931ರ ಮಾರ್ಚ್ 20ರಂದು, ಬರ್ಲಿನ್ನಿನ ಷಿಫ್‌ಬಾವರ್‌ಡಮ್ ರಂಗಮಂದಿರದಲ್ಲಿ. ಬ್ರೆಖ್ಟ್‌ನ ‘ಮೂರು ಕಾಸಿನ ಸಂಗೀತ ನಾಟಕ’ 1928ರಲ್ಲಿ ಮೊದಲು ಪ್ರದರ್ಶನಗೊಂಡದ್ದೂ ಅಲ್ಲಿಯೇ. (ಬ್ರೆಖ್ಟ್ ನಮ್ಮ ರಂಗಭೂಮಿಗೆ ಆಪ್ತನಾದಷ್ಟು ಹೋರ್ವಾತ್ ಆಗಲಿಲ್ಲ ಎಂಬುದು ನನ್ನ ಹಳೆಯ ಕೊರಗು.) ನಾಟಕ ತೆರೆ ಕಾಣುವ ಹೊತ್ತಿಗೆ ನಾಜಿ ಪಕ್ಷ ಕಡೆಗಣಿಸಬಹುದಾದ ಗುಂಪಾಗಿ ಉಳಿದಿರಲಿಲ್ಲ. 1928ರಲ್ಲಿ ಸಂಸತ್ತಿನಲ್ಲಿ ಕೇವಲ 12 ಸ್ಥಾನ ಗಳಿಸಿದ್ದ ಆ ಪಕ್ಷ 1930ರ ಸೆಪ್ಟೆಂಬರ್ ಚುನಾವಣೆಯಲ್ಲಿ 107 ಸ್ಥಾನಗಳನ್ನು ಗೆದ್ದು ಎರಡನೆಯ ದೊಡ್ಡ ಪಕ್ಷವಾಗಿತ್ತು. ಆದ್ದರಿಂದ ಅಮೆಟ್ಸ್‌ಬರ್ಗರ್‌ನಂಥವರಿಗೆ ಏನೂ ತಿಳಿದಿರಲಿಲ್ಲವೆಂದು ಹೇಳಲು ಬರುವುದಿಲ್ಲ. ಅವರು ಪತ್ರಿಕೆ ಓದುತ್ತಿದ್ದರು, ಚರ್ಚಿಸುತ್ತಿದ್ದರು, ಅವರಲ್ಲೊಬ್ಬ ಮನುಷ್ಯನ ಆಕ್ರಮಣ ಪ್ರವೃತ್ತಿಯ ಬಗ್ಗೆ ಫ್ರಾಯ್ಡ್‌ನನ್ನೂ ಉಲ್ಲೇಖಿಸುತ್ತಿದ್ದ. ತಿಳಿವಳಿಕೆ ಹೀಗೆ ಮಾತಿನ ವಿಲಾಸವಾಗಿ ಬಿಯರ್ ಮೇಜಿನ ಸುತ್ತ ಕರಗಿ ಹೋಗುವುದನ್ನು ಹೋರ್ವಾತ್‌ನಷ್ಟು ಚೆನ್ನಾಗಿ ಕಿವಿಗೊಟ್ಟು ಕೇಳಿದವರು ಕಡಿಮೆ. ಅವನ ಪಾತ್ರಗಳು ಎಲ್ಲಿಂದಲೋ ಎರವಲು ತಂದ ದೊಡ್ಡ ಮಾತುಗಳನ್ನಾಡುತ್ತವೆ, ನಡುವೆ ಸುಮ್ಮನಾಗುತ್ತವೆ. ಆ ಮೌನಗಳನ್ನು ಅವನು ಸಂಭಾಷಣೆಯಷ್ಟೇ ಕಟ್ಟುನಿಟ್ಟಾಗಿ ಬರೆದಿಟ್ಟಿದ್ದಾನೆ.

ಹೋರ್ವಾತ್‌ಗೆ ಈ ಲೋಕ ಪುಸ್ತಕದಿಂದ ಬಂದದ್ದಲ್ಲ. ಅವನ ತಂದೆತಾಯಿಯ ಮನೆ ಬವೇರಿಯಾದ ಮೂರ್ನೌ ಎಂಬ ಊರಿನಲ್ಲಿತ್ತು. 1931ರ ಫೆಬ್ರವರಿ 1ರಂದು, ನಾಟಕವನ್ನು ಬರೆದು ಮುಗಿಸಿದ್ದ ಮೇಲೆ, ಅದೇ ಊರಿನ ಹೋಟೆಲೊಂದರಲ್ಲಿ ಗಣರಾಜ್ಯದ ಪರವಾಗಿದ್ದ ಎಡಪಂಥೀಯ ಪಕ್ಷದವರಾದ ಸೋಷಿಯಲ್ ಡೆಮಾಕ್ರಾಟರ ಸಭೆಗೆ ನಾಜಿಗಳು ನುಗ್ಗಿ ಹೊಡೆದಾಟ ನಡೆಸಿದರು. ಹೋರ್ವಾತ್ ಅಲ್ಲಿದ್ದ, ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ಹೇಳಿದ.

ನಾಟಕದ ನಿಜವಾದ ಕಟುತ್ವ ಇರುವುದು ಸಂಘದ ಸಭೆಯಲ್ಲಿ ಅಲ್ಲ, ಅದರ ಮುಖಂಡನ ಸಂಸಾರದಲ್ಲಿ. ಅಮೆಟ್ಸ್‌ಬರ್ಗರ್‌ನ ಹೆಂಡತಿ ಆಡೆಲೆಯನ್ನು ಆತ ಎಲ್ಲರೆದುರು ಕೀಳಾಗಿ ಕಾಣುತ್ತಾನೆ, ಬಾಯಿ ಮುಚ್ಚಿಸುತ್ತಾನೆ. ಸಹನೆ ಕಟ್ಟೊಡೆದಾಗ ಅವಳು, ಹೊರಗೆ ಕಾರ್ಮಿಕರ ಪರ ನಿಂತವನು ಮನೆಯೊಳಗೆ ಬಂಡವಾಳಶಾಹಿ, 30 ವರ್ಷಗಳಿಂದ ತನ್ನನ್ನು ಶೋಷಿಸಿದ್ದಾನೆ ಎಂದು ಜನರ ಮುಂದೆಯೇ ಕೂಗುತ್ತಾಳೆ. ಹೀಗೆಂದ ಮಾತ್ರಕ್ಕೆ ಹೋರ್ವಾತ್ ಮಾರ್ಟಿನ್‌ನನ್ನು ಪೀಠದ ಮೇಲೇನೂ ಕೂರಿಸುವುದಿಲ್ಲ. ಅಪಾಯವನ್ನು ಎಲ್ಲರಿಗಿಂತ ಮೊದಲು ಗುರುತಿಸಿದ ಈ ತರುಣ, ಫ್ಯಾಸಿಸ್ಟರ ಗುಟ್ಟು ತಿಳಿಯಲೆಂದು ತನ್ನ ಪ್ರೇಯಸಿ ಅನ್ನಾಳನ್ನೇ ಅವರಲ್ಲೊಬ್ಬನ ಬಳಿಗೆ ಕಳಿಸುತ್ತಾನೆ, ಅದರಲ್ಲಿ ಯಾವ ತಪ್ಪೂ ಅವನಿಗೆ ಕಾಣುವುದಿಲ್ಲ. ಸಮಾನತೆಯ ಮಾತಾಡುವ ಎರಡೂ ತಲೆಮಾರು ಹೆಂಗಸರ ವಿಷಯದಲ್ಲಿ ಒಂದೇ ಎಂಬುದನ್ನು ನಾಟಕಕಾರ ಎಲ್ಲಿಯೂ ಬಾಯಿಬಿಟ್ಟು ಹೇಳದೆ, ದೃಶ್ಯದ ಪಕ್ಕ ದೃಶ್ಯ ಇಟ್ಟು ತೋರಿಸುತ್ತಾನೆ. ನಾಟಕವನ್ನು ಕೇವಲ ನಾಜಿವಿರೋಧಿ ಎಚ್ಚರಿಕೆಯಾಗಿ ಓದುವವರು ಈ ಭಾಗವನ್ನು ಹಗುರ ಪ್ರಹಸನವೆಂದು ದಾಟಿಹೋಗುತ್ತಾರೆ. ಅದು ತಪ್ಪೆಂದು ನನ್ನ ವಾದ, ಏಕೆಂದರೆ ಕೊನೆಯ ದೃಶ್ಯ ಇದರ ಮೇಲೆಯೇ ನಿಂತಿದೆ.

ಹಿಂದಿನ ಅರಸನ ಪ್ರತಿಮೆಗೆ ಯಾರೋ ಕೆಂಪು ಬಣ್ಣ ಬಳಿದದ್ದರಿಂದ ಕೆರಳಿದ ಫ್ಯಾಸಿಸ್ಟರು ರಾತ್ರಿ ಸಂತೋಷಕೂಟಕ್ಕೆ ನುಗ್ಗುತ್ತಾರೆ. ಅವರ ಮುಖಂಡನಾದ ಮೇಜರ್, ತನ್ನನ್ನು ತಾನೇ ಹೀನಾಯವಾಗಿ ಬೈದುಕೊಳ್ಳುವ ಹೇಳಿಕೆಗೆ ಸಹಿ ಹಾಕುವಂತೆ ಅಮೆಟ್ಸ್‌ಬರ್ಗರ್‌ನನ್ನು ಒತ್ತಾಯಿಸುತ್ತಾನೆ. ಗಣರಾಜ್ಯದ ಕಾವಲುಗಾರ ನಡುಗುತ್ತ ನಿಂತಾಗ ಮೇಜರ್‌ನ ಎದುರು ದನಿಯೆತ್ತುವವಳು ಅದೇ ಆಡೆಲೆ. ಅಷ್ಟರಲ್ಲಿ ಸಂಘದಿಂದ ಹೊರದಬ್ಬಲ್ಪಟ್ಟಿದ್ದ ಮಾರ್ಟಿನ್ ತನ್ನ ಗೆಳೆಯರೊಂದಿಗೆ ಬರುತ್ತಾನೆ, ಫ್ಯಾಸಿಸ್ಟರು ಕಾಲ್ಕೀಳುತ್ತಾರೆ. ಯಾರಿಂದ ತಾನು ಉಳಿದೆನೆಂಬ ಪರಿವೆಯೇ ಇಲ್ಲದವನಂತೆ ಅಮೆಟ್ಸ್‌ಬರ್ಗರ್ ಎದೆಯುಬ್ಬಿಸಿ, ಯಾವ ಅಪಾಯವೂ ಇಲ್ಲ, ಗಣರಾಜ್ಯ ನಿಶ್ಚಿಂತೆಯಿಂದ ನಿದ್ರಿಸಬಹುದು ಎಂದು ಬೆಳಗಿನ ಮಾತನ್ನೇ ಮತ್ತೆ ಹೇಳುತ್ತಾನೆ. ಮಾರ್ಟಿನ್‌ನ ಉತ್ತರವೂ ಬೆಳಗಿನದೇ.

ಫ್ರಿಶ್‌ನ ನಾಟಕದಲ್ಲಿ ಊರು ಹೊತ್ತಿ ಉರಿದಾಗ, ‘ನಾವು ಹೇಳಿರಲಿಲ್ಲವೇ’ ಎಂಬ ಸಮಾಧಾನವಾದರೂ ಪ್ರೇಕ್ಷಕನಿಗೆ ದಕ್ಕುತ್ತದೆ. ಹೋರ್ವಾತ್ ಅದನ್ನೂ ಕೊಡುವುದಿಲ್ಲ. ಇಲ್ಲಿ ಗಣರಾಜ್ಯವಾದಿಗಳು ಗೆದ್ದಿದ್ದಾರೆ. ಆ ಗೆಲುವು ಅವರ ಆಲಸ್ಯಕ್ಕೆ ಸಾಕ್ಷ್ಯವನ್ನು ಒದಗಿಸಿದೆ: ಏನೂ ಆಗುವುದಿಲ್ಲವೆಂದು ಹೇಳಿದ್ದೆವು, ಏನೂ ಆಗಲಿಲ್ಲ. ಒಮ್ಮೆ ಪಾರಾದವನಿಗೆ ಅಪಾಯವನ್ನು ವಿವರಿಸುವುದು ಎಂದೂ ಪಾರಾಗದವನಿಗೆ ವಿವರಿಸುವುದಕ್ಕಿಂತ ಕಷ್ಟ. ಆ ಪ್ರದರ್ಶನವಾಗಿ ಎರಡು ವರ್ಷ ತುಂಬುವ ಮೊದಲೇ, 1933ರ ಜನವರಿ 30ರಂದು, ಹಿಟ್ಲರ್ ಚಾನ್ಸೆಲರ್ ಆದ.

ಹೋರ್ವಾತ್ ಕೂಡ ಈ ಪರೀಕ್ಷೆಯಲ್ಲಿ ನಿಷ್ಕಳಂಕವಾಗಿ ಹೊರಬರಲಿಲ್ಲ. ಮೂರ್ನೌದ ಮನೆಯ ಶೋಧ ನಡೆದ ಮೇಲೆ ಜರ್ಮನಿ ಬಿಟ್ಟ ಈತ, 1934ರಲ್ಲಿ ನಾಜಿ ಆಡಳಿತದ ಲೇಖಕರ ಒಕ್ಕೂಟಕ್ಕೆ ಸೇರಲು ಅರ್ಜಿ ಹಾಕಿಕೊಂಡ, ಗುಪ್ತನಾಮದಲ್ಲಿ ಚಲನಚಿತ್ರಗಳಿಗೆ ಕೆಲಸ ಮಾಡಿದ. ಹೊಟ್ಟೆಪಾಡಿನ ಒತ್ತಡವಿತ್ತು, ನಿಜ. ಅವನನ್ನು ದೂರುವ ಉತ್ಸಾಹ ನನಗಿಲ್ಲ. ಆದರೂ ಅವನ ಅಭಿಮಾನಿಗಳು ಈ ಸಂಗತಿಯನ್ನು ಮರೆಮಾಚುವುದು ಸರಿಯಲ್ಲ. 1938ರಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾದಾಗ ವಿಯೆನ್ನಾ ಬಿಟ್ಟು ಹೊರಟ ಹೋರ್ವಾತ್, ಅದೇ ವರ್ಷದ ಜೂನ್ 1ರಂದು ಪ್ಯಾರಿಸ್ಸಿನ ಬೀದಿಯಲ್ಲಿ ಬಿರುಗಾಳಿಗೆ ಮುರಿದುಬಿದ್ದ ಮರದ ಕೊಂಬೆಯ ಕೆಳಗೆ ಸಿಕ್ಕು ತೀರಿಕೊಂಡ. ಆಗ ಅವನಿಗೆ 36 ವರ್ಷ.

ಕನ್ನಡದಲ್ಲಿ ಯಾರಾದರೂ ಈ ನಾಟಕವನ್ನು ಕೈಗೆತ್ತಿಕೊಳ್ಳುವುದಾದರೆ ನನ್ನ ಕೋರಿಕೆ ಎರಡೇ. ಕೊನೆಯಲ್ಲಿ ಪರದೆಯ ಮೇಲೆ ಹಿಟ್ಲರ್‌ನ ಮೆರವಣಿಗೆಯನ್ನೋ ಸುಡುವ ಪುಸ್ತಕಗಳನ್ನೋ ತೋರಿಸುವ ಚಪಲಕ್ಕೆ ನಿರ್ದೇಶಕರು ಬೀಳದಿರಲಿ, ಏಕೆಂದರೆ ನಾಟಕಕಾರ ಉದ್ದೇಶಪೂರ್ವಕವಾಗಿ ತಡೆಹಿಡಿದ ಸಮಾಧಾನವನ್ನು ಅದು ಪ್ರೇಕ್ಷಕನಿಗೆ ಪುಕ್ಕಟೆಯಾಗಿ ಕೊಟ್ಟುಬಿಡುತ್ತದೆ. ಅಮೆಟ್ಸ್‌ಬರ್ಗರ್‌ನ ಪಾತ್ರವನ್ನು ಹಾಸ್ಯನಟನಿಗೆ ಕೊಡದೆ, ತಂಡದಲ್ಲಿ ಎಲ್ಲರೂ ಮೆಚ್ಚುವ, ಮಾತು ತೂಕವಾಗಿರುವ ಹಿರಿಯ ನಟರೊಬ್ಬರಿಗೆ ಕೊಡಲಿ. ಮೊದಲ ದೃಶ್ಯದಲ್ಲಿ ಆತ ಹೇಳುವುದನ್ನು ಕೇಳಿ ಸಭಾಂಗಣದ ಅರ್ಧದಷ್ಟು ಜನ ತಲೆದೂಗಬೇಕು.